ಮಳೆ ಬಂದಾಗ ಪಾರ್ಟಿಕಲ್ ಕೌಂಟರ್ ಏರುತ್ತದೆ, ನೀರಿನ ಕ್ಯಾಪ್ಸೂಲ್ ಹಳದಿಯಾಗಿಯೇ ಇರುತ್ತದೆ: ಯಾವುದನ್ನು ನಂಬಬೇಕು?

ಪ್ರಶ್ನೆ: ಚೆಂಬೂರಿನಿಂದ, ಗುಣಮಟ್ಟ ವಿಭಾಗದ ಕಿರಿಯ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಎರಡು ವರ್ಷಗಳಿಂದ ಮುಂಬಯಿಯಲ್ಲಿ ವಿಮಾನ ಇಂಧನದ ಡಿಪೊ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಈ ವಿಷಯವನ್ನು ಬಿಡಿಸಿ ಕೇಳಬಲ್ಲ ಕನ್ನಡಿಗರು ನನ್ನ ಶಿಫ್ಟಿನಲ್ಲಿ ಯಾರೂ ಇಲ್ಲದ್ದರಿಂದ ಇಲ್ಲಿನ ಅನುಭವಿಗಳ ಮುಂದೆ ಇಡುತ್ತಿದ್ದೇನೆ.

ನಮ್ಮ ಒಂದು ಟ್ಯಾಂಕಿನ ಸರ್ಕ್ಯುಲೇಷನ್ ಲೈನಿಗೆ ಈ ವರ್ಷ ಪ್ರಾಯೋಗಿಕವಾಗಿ ಪಾರ್ಟಿಕಲ್ ಕೌಂಟರ್ ಜೋಡಿಸಿದ್ದಾರೆ. ಹರಿಯುವ ಇಂಧನದ ಮೂಲಕ ಬೆಳಕನ್ನು ಹಾಯಿಸಿ, ಕಣಗಳು ಅಡ್ಡ ಬಂದಾಗ ಬೀಳುವ ನೆರಳನ್ನು ಎಣಿಸಿ, 4, 6, 14 ಮತ್ತು 30 ಮೈಕ್ರಾನಿಗಿಂತ ದೊಡ್ಡ ಕಣಗಳು ಒಂದು ಮಿಲಿಲೀಟರಿನಲ್ಲಿ ಎಷ್ಟಿವೆಯೆಂದು ಅದು ಐಎಸ್‌ಒ 4406ರ ಸಂಕೇತದಲ್ಲಿ ತೋರಿಸುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ 17/15/12/10ರ ಆಸುಪಾಸಿನಲ್ಲಿರುತ್ತದೆ. ಕಳೆದ ವಾರ ರಾತ್ರಿಪಾಳಿಯಲ್ಲಿ ಎರಡು ಗಂಟೆಯ ಹೊತ್ತಿಗೆ ಮಳೆ ಜೋರಾಯಿತು. ಅರ್ಧ ಗಂಟೆಯೊಳಗೆ ಆ ಸಂಖ್ಯೆ 21/18/12/10ಕ್ಕೆ ಏರಿತು. ನಮ್ಮಲ್ಲಿ ಮಿತಿಯೆಂದು ಇಟ್ಟುಕೊಂಡಿರುವುದು 19/17/14/13.

ನಾನು ತಕ್ಷಣ ಟ್ಯಾಂಕಿನ ಔಟ್‌ಲೆಟ್ಟಿನಿಂದ ಗಾಜಿನ ಜಾಡಿಯಲ್ಲಿ ಮಾದರಿ ತೆಗೆದು ಸುಳಿ ಎಬ್ಬಿಸಿ ನೋಡಿದೆ. ತಿಳಿಯಾಗಿ ಹೊಳೆಯುತ್ತಿತ್ತು, ಸುಳಿಯ ಬುಡದಲ್ಲಿ ಹನಿಯೂ ಇರಲಿಲ್ಲ, ಕಸವೂ ಇರಲಿಲ್ಲ. ಶೆಲ್ ವಾಟರ್ ಡಿಟೆಕ್ಟರ್ ಕ್ಯಾಪ್ಸೂಲನ್ನು ಸಿರಿಂಜಿಗೆ ಸಿಕ್ಕಿಸಿ 5 ಮಿಲಿಲೀಟರ್ ಎಳೆದೆ; ನೀರಿದ್ದರೆ ಬಣ್ಣ ಬದಲಿಸಬೇಕಾದ ಅದರ ಕಾಗದ ಹಳದಿಯಾಗಿಯೇ ಉಳಿಯಿತು. ಎರಡನೆಯ ಕ್ಯಾಪ್ಸೂಲೂ ಅದನ್ನೇ ಹೇಳಿತು. ಮೆಂಬ್ರೇನ್ ಪರೀಕ್ಷೆಯಲ್ಲಿ, ಅಂದರೆ ಇಂಧನವನ್ನು ಸೂಕ್ಷ್ಮ ರಂಧ್ರಗಳ ಶೋಧಕ ಕಾಗದದ ಮೂಲಕ ಹಾಯಿಸಿ ನೋಡಿದಾಗ, ಕಂಡ ಬಣ್ಣ ಹೋದ ತಿಂಗಳಿನದಕ್ಕಿಂತ ಭಿನ್ನವಾಗಿರಲಿಲ್ಲ. ಹಿರಿಯ ಸಹೋದ್ಯೋಗಿಯೊಬ್ಬರು, ಈ ಯಂತ್ರ ಮಳೆಗಾಲದಲ್ಲಿ ಹೀಗೆಯೇ ಆಡುತ್ತದೆ, ಕ್ಯಾಪ್ಸೂಲ್ ನಂಬಿ ಟ್ಯಾಂಕನ್ನು ಬಿಡುಗಡೆ ಮಾಡೋಣ ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಇನ್ನೊಂದು ಟ್ಯಾಂಕು ಸಿದ್ಧವಾಗಿದ್ದುದರಿಂದ ಇದನ್ನು ತಡೆಹಿಡಿದೆವು. ಮಳೆ ನಿಂತ ಮೇಲೆ, ಬೆಳಿಗ್ಗೆ ಒಂಬತ್ತರ ವೇಳೆಗೆ, ಯಾರೂ ಏನೂ ಮಾಡದೆ ಕೌಂಟರ್ 17ಕ್ಕೆ ಇಳಿಯಿತು.

ಆ ರಾತ್ರಿ ಕೌಂಟರ್ ಎಣಿಸಿದ್ದು ಏನನ್ನು? ನಾವು ಟ್ಯಾಂಕನ್ನು ತಡೆದದ್ದು ಸರಿಯೇ, ಅಥವಾ ಅನಾವಶ್ಯಕವೇ?

ಉತ್ತರ 1: ಪುಣೆ, ಕೋಥರೂಡಿನಿಂದ, ನಿವೃತ್ತ ಪ್ರಯೋಗಶಾಲಾ ಅಧಿಕಾರಿ

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧಭಾಗವಿದೆ. ಮೊದಲ ಎರಡು ಅಂಕೆಗಳು ಏರಿವೆ, 14 ಮತ್ತು 30 ಮೈಕ್ರಾನಿನವು ಕದಲಿಲ್ಲ. ತುಕ್ಕು, ಮಣ್ಣು, ಹೋಸಿನ ರಬ್ಬರು ಒಮ್ಮೆಲೇ ಬಂದಿದ್ದರೆ ಸಾಮಾನ್ಯವಾಗಿ ದೊಡ್ಡ ಕಣಗಳೂ ಜೊತೆಗೆ ಬರುತ್ತವೆ. ಸಣ್ಣವು ಮಾತ್ರ ಹದಿನಾರು ಪಟ್ಟು ಹೆಚ್ಚಿ (ಈ ಸಂಕೇತದಲ್ಲಿ ಒಂದೊಂದು ಮೆಟ್ಟಿಲು ಏರಿದಾಗಲೂ ಎಣಿಕೆ ಇಮ್ಮಡಿಯಾಗುತ್ತದೆ ಎಂಬುದನ್ನು ನೆನಪಿಡಿ) ದೊಡ್ಡವು ಇದ್ದಲ್ಲೇ ಇದ್ದರೆ, ನನ್ನ ಮೊದಲ ಅನುಮಾನ ನೀರಿನ ಮೇಲೆ. ಕೌಂಟರಿಗೆ ನೆರಳು ಮಾತ್ರ ಗೊತ್ತು. ಆ ನೆರಳು ಮಣ್ಣಿನದೋ, ನೀರಿನ ಹನಿಯದೋ, ಗಾಳಿಯ ಗುಳ್ಳೆಯದೋ ಎಂಬುದು ಅದಕ್ಕೆ ತಿಳಿಯದು.

ಹಾಗಿದ್ದರೆ ಕ್ಯಾಪ್ಸೂಲೇಕೆ ಬಣ್ಣ ಬದಲಿಸಲಿಲ್ಲ ಎಂದು ನೀವು ಕೇಳಬಹುದು. ಒಂದು ಲೆಕ್ಕ ಮಾಡಿ ನೋಡೋಣ. ಹತ್ತು ಲಕ್ಷ ಪಾಲು ಇಂಧನದಲ್ಲಿ ಒಂದೇ ಒಂದು ಪಾಲು ನೀರು, ಅಂದರೆ 1 ಪಿಪಿಎಂ, 5 ಮೈಕ್ರಾನ್ ವ್ಯಾಸದ ಹನಿಗಳಾಗಿ ಹರಡಿದೆ ಎಂದಿಟ್ಟುಕೊಳ್ಳಿ. ಅಂಥ ಒಂದು ಹನಿಯ ಗಾತ್ರ ಸುಮಾರು 65 ಘನ ಮೈಕ್ರಾನ್. ಭಾಗಿಸಿದರೆ ಒಂದು ಮಿಲಿಲೀಟರಿನಲ್ಲಿ ಹದಿನೈದು ಸಾವಿರಕ್ಕೂ ಹೆಚ್ಚು ಹನಿಗಳಾಗುತ್ತವೆ. ಐಎಸ್‌ಒ ಸಂಕೇತದಲ್ಲಿ 10,000ದಿಂದ 20,000ದವರೆಗಿನ ಎಣಿಕೆಗೆ 21 ಎಂದು ಹೆಸರು. ನೀವು ಕಂಡದ್ದು ಅದೇ ಸಂಖ್ಯೆ. ಕ್ಯಾಪ್ಸೂಲಿನಲ್ಲಿ ನಾವು ತಿರಸ್ಕರಿಸುವ ಮಿತಿ 30 ಪಿಪಿಎಂ, ಬರಿಗಣ್ಣಿಗೆ ಮಬ್ಬು ಕಾಣಿಸಿಕೊಳ್ಳುವುದೂ ಹೆಚ್ಚುಕಡಿಮೆ ಆ ಮಟ್ಟದಲ್ಲಿಯೇ. ಆದ್ದರಿಂದ ನಿಮ್ಮ ಪರೀಕ್ಷೆಗಳು ಒಂದನ್ನೊಂದು ಸುಳ್ಳಾಗಿಸುತ್ತಿಲ್ಲ. ಕೌಂಟರಿನ ಕಣ್ಣು ಕ್ಯಾಪ್ಸೂಲಿನದಕ್ಕಿಂತ ಬಹಳ ಸೂಕ್ಷ್ಮವಾಗಿದೆ, ಅಷ್ಟೇ.

ಇನ್ನು, ಆ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆ. ಇಂಧನದಲ್ಲಿ ಕರಗಿದ ನೀರು ಯಾವಾಗಲೂ ಇರುತ್ತದೆ, ಅದನ್ನು ಯಾವ ಫಿಲ್ಟರೂ ತೆಗೆಯುವುದಿಲ್ಲ. ಬೆಚ್ಚಗಿದ್ದಷ್ಟೂ ಹೆಚ್ಚು ನೀರು ಕರಗುತ್ತದೆ, ತಣಿದಂತೆ ಹೆಚ್ಚಾದದ್ದು ಹನಿಯಾಗಿ ಬಿಟ್ಟುಕೊಳ್ಳುತ್ತದೆ. ನಾವು ಕಲಿತ ಅಂದಾಜಿನ ಪ್ರಕಾರ, ಕರಗಬಲ್ಲಷ್ಟು ನೀರು ಕುಡಿದು ಪೂರ್ತಿ ತುಂಬಿದ ಜೆಟ್ ಎ-1ರಲ್ಲಿ (ನಮ್ಮ ವಿಮಾನ ಇಂಧನದಲ್ಲಿ) ಫ್ಯಾರನ್‌ಹೀಟ್ ಲೆಕ್ಕದ ಉಷ್ಣಾಂಶ ಎಷ್ಟೋ ಹೆಚ್ಚುಕಡಿಮೆ ಅಷ್ಟೇ ಪಿಪಿಎಂ ನೀರಿರುತ್ತದೆ. 33 ಡಿಗ್ರಿ ಸೆಲ್ಸಿಯಸ್‌ನಿಂದ 27ಕ್ಕೆ ಇಳಿದರೆ ಸುಮಾರು 11 ಪಿಪಿಎಂ ನೀರು ಹೊರಬೀಳುತ್ತದೆ.

ಇಲ್ಲಿ ಒಂದು ತೊಡಕಿದೆ. ಸಾವಿರಾರು ಕಿಲೋಲೀಟರ್ ಹಿಡಿಸುವ ಟ್ಯಾಂಕು ಅರ್ಧ ಗಂಟೆಯ ಮಳೆಗೆ ಆರು ಡಿಗ್ರಿ ತಣಿಯುವುದು ಸಾಧ್ಯವಿಲ್ಲ, ಬೆಳಿಗ್ಗೆ ಅಷ್ಟು ಬೇಗ ಮತ್ತೆ ಬಿಸಿಯಾಗುವುದೂ ಸಾಧ್ಯವಿಲ್ಲ. ಹಾಗಾದರೆ ತಣಿದದ್ದು ಯಾವುದು? ದಯವಿಟ್ಟು ತಿಳಿಸಿ: ಮುಖ್ಯ ಲೈನಿನಿಂದ ಕೌಂಟರಿಗೆ ಬರುವ ಕೊಳವೆ ಎಷ್ಟು ದಪ್ಪ, ಎಷ್ಟು ಉದ್ದ, ಅದರ ಮೇಲೆ ಸೂರು ಇದೆಯೇ?

ಉತ್ತರ 2: ಗೋವಾ, ವಾಸ್ಕೊದಿಂದ, ಹೆಲಿಕಾಪ್ಟರ್ ನಿರ್ವಹಣೆಯವರು

ಹಿರಿಯರ ವಿವರಣೆಯನ್ನು ಗೌರವದಿಂದ ಓದಿದೆ, ಒಪ್ಪುತ್ತೇನೆ. ಆದರೆ ವಿಮಾನದ ಕಡೆ ನಿಂತು ನೋಡುವವನಾಗಿ ಒಂದು ಮಾತನ್ನು ಸೇರಿಸಲೇಬೇಕು. ಇದು ನೀರು, ಮಣ್ಣಲ್ಲ ಎಂದು ತಿಳಿದ ಕೂಡಲೇ ನಮ್ಮವರು ನೆಮ್ಮದಿಯ ಉಸಿರು ಬಿಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಅದು ನೆಮ್ಮದಿಯ ವಿಷಯವಲ್ಲ.

2008ರ ಜನವರಿ 17ರಂದು ಬೀಜಿಂಗ್‌ನಿಂದ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777 ಹೀಥ್ರೂದಲ್ಲಿ ರನ್‌ವೇ ತಲುಪುವ ಮೊದಲೇ ಹುಲ್ಲಿನ ಮೇಲೆ ಇಳಿಯಿತು. ಅದರ ಇಂಧನ ಎಲ್ಲ ಪರೀಕ್ಷೆಗಳಲ್ಲಿಯೂ ಪಾಸಾಗಿತ್ತು. ಇಂಧನದಲ್ಲಿ ಸಹಜವಾಗಿರುವ ನೀರೇ ದೀರ್ಘ ಪ್ರಯಾಣದ ಚಳಿಯಲ್ಲಿ ಮಂಜುಗಡ್ಡೆಯಾಗಿ ಕೊಳವೆಗಳ ಒಳಗೋಡೆಗೆ ಅಂಟಿಕೊಂಡಿತು. ಇಳಿಯುವ ಹಂತದಲ್ಲಿ ಅದು ಕಳಚಿ, ಇಂಧನವನ್ನು ಬಿಸಿಮಾಡುವ ಎಕ್ಸ್‌ಚೇಂಜರಿನ ಬಾಯಲ್ಲಿ ಕಟ್ಟಿಕೊಂಡಿತು. ಎರಡೂ ಇಂಜಿನ್‌ಗಳಿಗೆ ಬೇಕಾದಷ್ಟು ಇಂಧನ ಸಿಗಲಿಲ್ಲ. ಆಮೇಲೆ ಆ ಎಕ್ಸ್‌ಚೇಂಜರಿನ ವಿನ್ಯಾಸವನ್ನೇ ಬದಲಿಸಿದರು. ಸಹಜ ಪ್ರಮಾಣದ ನೀರೇ ಇಷ್ಟು ಮಾಡಬಲ್ಲದು ಎಂದ ಮೇಲೆ, ಅದಕ್ಕಿಂತ ಹೆಚ್ಚಿನದನ್ನು ನಾವು ಕೆಳಗಿನಿಂದ ತುಂಬಿಸಿ ಕಳುಹಿಸಬಾರದು.

ಹಿರಿಯರ ವಾದದಲ್ಲಿಯೇ ಅಡಗಿರುವ ಇನ್ನೊಂದು ಅಂಶವನ್ನು ಗಮನಿಸಿ. ತಣಿದಾಗ ಹನಿ ಬಿಡಬೇಕಾದರೆ ಇಂಧನ ಮೊದಲೇ ನೀರು ಕುಡಿದು ತುಂಬಿರಬೇಕು. ಒಣ ಇಂಧನವನ್ನು ಆರು ಡಿಗ್ರಿ ತಣಿಸಿದರೆ ಏನೂ ಆಗುವುದಿಲ್ಲ. ಅಂದ ಮೇಲೆ ಆ ಟ್ಯಾಂಕಿನ ಇಂಧನ ಎಲ್ಲೋ ನೀರಿನ ಮೇಲೆ ಕುಳಿತಿದೆ. ಆ ನೀರು ಎಲ್ಲಿದೆ, ಹೇಗೆ ಬಂತು ಎಂದು ಹುಡುಕದೆ, ಕೊಳವೆ ತಣಿದಿತ್ತು ಎಂದು ಕಡತ ಮುಚ್ಚಬೇಡಿ. ಸಂಪ್ ಡ್ರೇನಿನಲ್ಲಿ, ಅಂದರೆ ಟ್ಯಾಂಕಿನ ತಳದ ಗುಂಡಿಯಿಂದ ನೀರು ಬಸಿಯುವ ಕೊಳಾಯಿಯಲ್ಲಿ, ಎಷ್ಟು ನೀರು ಬಂತು? ಅದರ ಬಣ್ಣ, ವಾಸನೆ ಹೇಗಿತ್ತು? ನೀರು ಮತ್ತು ಇಂಧನ ಸೇರುವ ಗಡಿಯಲ್ಲಿ ಕಂದು ಬಣ್ಣದ ಲೋಳೆ, ನಾರಿನಂಥ ಎಳೆಗಳು ಕಂಡರೆ ಶಿಲೀಂಧ್ರ ಬೆಳೆದಿದೆ ಎಂದರ್ಥ. ಅದಕ್ಕೆ ಬದುಕಲು ಬೇಕಾದದ್ದು ತಳದಲ್ಲೊಂದಿಷ್ಟು ನೀರು ಮಾತ್ರ. ಊಟಕ್ಕೆ ಇಂಧನವಿದ್ದೇ ಇದೆ.

ಸಣ್ಣ ಪ್ರಮಾಣದಲ್ಲಿ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ಕೆಲಸ ಮಾಡಿದ ಒಂದು ಹೆಲಿಪ್ಯಾಡಿನಲ್ಲಿ ಇಂಧನದ ಡ್ರಮ್ಮುಗಳನ್ನು ನೇರವಾಗಿ ನಿಲ್ಲಿಸಿಟ್ಟಿದ್ದರು. ಮಳೆನೀರು ಡ್ರಮ್ಮಿನ ತಲೆಯ ಅಂಚಿನೊಳಗೆ ತಟ್ಟೆಯಲ್ಲಿ ನಿಂತ ಹಾಗೆ ನಿಂತಿತ್ತು. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ, ರಾತ್ರಿ ಕುಗ್ಗುವಾಗ, ಬಿರಡೆಯ ಸುತ್ತಲಿನಿಂದ ಆ ನೀರನ್ನು ಡ್ರಮ್ಮು ಹನಿಹನಿಯಾಗಿ ಒಳಗೆ ಎಳೆದುಕೊಂಡಿತ್ತು. ಸೀಲ್ ಮುರಿದಿರಲಿಲ್ಲ, ಕಾಗದಪತ್ರ ಸರಿಯಾಗಿತ್ತು. ತಳದಿಂದ ಮಾದರಿ ತೆಗೆದಾಗ ಜಾಡಿಯಲ್ಲಿ ಎರಡು ಬೆರಳಿನಷ್ಟು ನೀರು. ಅಂದಿನಿಂದ ನಾನು ಡ್ರಮ್ಮನ್ನು ಮಲಗಿಸದೆ, ಎರಡೂ ಬಿರಡೆಗಳು ಗಡಿಯಾರದ ಮೂರು ಮತ್ತು ಒಂಬತ್ತರ ಸ್ಥಾನದಲ್ಲಿ ಇಂಧನದಲ್ಲಿ ಮುಳುಗಿರುವಂತೆ ಮಾಡದೆ, ಇಡಲು ಬಿಡುವುದಿಲ್ಲ. ನಿಮ್ಮ ಟ್ಯಾಂಕೂ ಹೀಗೆಯೇ ಉಸಿರಾಡುತ್ತದೆ.

ನೀವು ಟ್ಯಾಂಕನ್ನು ತಡೆದದ್ದು ಸರಿ. ಕಾರಣ ತಿಳಿಯುವ ಮೊದಲೇ ತಡೆದದ್ದು ಇನ್ನೂ ಸರಿ.

ಉತ್ತರ 3: ಅಂಧೇರಿಯಿಂದ, ಇಂಧನ ಪರೀಕ್ಷಾ ಪ್ರಯೋಗಶಾಲೆಯ ವಿಶ್ಲೇಷಕಿ

ಇಬ್ಬರ ಮಾತೂ ಊಹೆಯಾಗಿ ಉಳಿಯಬೇಕಿಲ್ಲ, ಒಂದೇ ದಿನದಲ್ಲಿ ಪರೀಕ್ಷಿಸಿ ನೋಡಬಹುದು. ಮತ್ತೆ ಎಣಿಕೆ ಏರಿದಾಗ ಕೌಂಟರಿನ ಹೊರಹರಿವಿನಿಂದ ಒಂದು ಮಾದರಿಯನ್ನು, ಮುಖ್ಯ ಲೈನಿನಿಂದ ಇನ್ನೊಂದನ್ನು, ತೊಳೆದು ಒಣಗಿಸಿದ ಬಾಟಲಿಗಳಲ್ಲಿ ತೆಗೆಯಿರಿ. ಎರಡನ್ನೂ ಪ್ರಯೋಗಶಾಲೆಯ ಕೌಂಟರಿನಲ್ಲಿ ಎಣಿಸಿ. ಆಮೇಲೆ ಮಾದರಿಗೆ ನೀರಿಲ್ಲದ ಐಸೊಪ್ರೊಪೈಲ್ ಆಲ್ಕೊಹಾಲನ್ನು ಬೆರೆಸಿ ಮತ್ತೆ ಎಣಿಸಿ. ಅದು ನೀರಿನ ಹನಿಗಳನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಮಣ್ಣು ಮತ್ತು ತುಕ್ಕನ್ನು ಏನೂ ಮಾಡಲಾರದು. ಬೆರೆಸಿದ ಆಲ್ಕೊಹಾಲನ್ನು ಬೇರೆಯಾಗಿ ಮೊದಲೇ ಎಣಿಸಿಟ್ಟುಕೊಂಡು ಅದರ ಪಾಲನ್ನು ಕಳೆಯುವುದನ್ನು ಮರೆಯಬೇಡಿ. ಎಣಿಕೆ ಬಿದ್ದರೆ ಅದು ನೀರು; ನಿಂತಲ್ಲೇ ನಿಂತರೆ ಕಣ. ಆಲ್ಕೊಹಾಲ್ ಇಲ್ಲದಿದ್ದರೆ, ಮುಚ್ಚಿದ ಬಾಟಲಿಯನ್ನು ಬೆಚ್ಚನೆಯ ನೀರಿನಲ್ಲಿಟ್ಟು ಹತ್ತು ಡಿಗ್ರಿಯಷ್ಟು ಏರಿಸಿದರೂ ಬಹುಪಾಲು ಹನಿಗಳು ಮತ್ತೆ ಕರಗಿಹೋಗುತ್ತವೆ.

ಕ್ಯಾಪ್ಸೂಲ್ ಹೇಳುವುದು ಕರಗದೆ ಉಳಿದ ನೀರನ್ನು ಮಾತ್ರ. ಕರಗಿದ್ದನ್ನೂ ಸೇರಿಸಿ ಒಟ್ಟು ನೀರು ಬೇಕಿದ್ದರೆ ಕಾರ್ಲ್ ಫಿಷರ್ ಪರೀಕ್ಷೆ ಮಾಡಿಸಬೇಕು. ವಾಸ್ಕೊದವರು ಹೇಳಿದಂತೆ ಇಂಧನ ನೀರು ಕುಡಿದು ತುಂಬಿದ ಸ್ಥಿತಿಯಲ್ಲಿದೆಯೇ ಎಂಬುದು, ಮಾದರಿಯ ಉಷ್ಣಾಂಶವನ್ನು ಜೊತೆಗಿಟ್ಟು ನೋಡಿದರೆ, ಅದರಿಂದ ತಿಳಿಯುತ್ತದೆ. ಮಾದರಿ ತೆಗೆಯುವಾಗ ಮಳೆಯಿದ್ದರೆ ಜಾಡಿಯ ಮುಚ್ಚಳ, ಕೈಗವಸು, ರೇನ್‌ಕೋಟಿನ ತೋಳು ಇವುಗಳಿಂದ ಒಂದು ಹನಿ ಬಿದ್ದರೂ ಪರೀಕ್ಷೆ ಕೆಡುತ್ತದೆ. 1 ಲೀಟರಿಗೆ ಒಂದು ಹನಿ ಎಂದರೆ ಸುಮಾರು 50 ಪಿಪಿಎಂ.

ಮೆಂಬ್ರೇನ್ ಬಗ್ಗೆಯೂ ಒಂದು ಮಾತು. 0.8 ಮೈಕ್ರಾನಿನ ಆ ಕಾಗದ ನೀರಿನ ವಿಷಯದಲ್ಲಿ ಮೂಕ, ಆದರೆ ಘನ ಕಣದ ವಿಷಯದಲ್ಲಿ ಅದರಷ್ಟು ಸ್ಪಷ್ಟ ಸಾಕ್ಷಿ ಬೇರೆಯಿಲ್ಲ. ಆ ರಾತ್ರಿ ಅದರ ಬಣ್ಣ ಬದಲಾಗಿರಲಿಲ್ಲ ಎಂಬ ನಿಮ್ಮ ಟಿಪ್ಪಣಿಗೆ ನಾನು ಹೆಚ್ಚಿನ ಬೆಲೆ ಕೊಡುತ್ತೇನೆ. ಎರಡು ಮೆಂಬ್ರೇನ್ ಒಂದರ ಮೇಲೊಂದು ಇಟ್ಟು ಮಾಡಿ. ಇಂಧನದ ಸ್ವಂತ ಬಣ್ಣ ಎರಡಕ್ಕೂ ಹಿಡಿಯುತ್ತದೆ, ಕೊಳೆ ಮೇಲಿನದರಲ್ಲಿ ಮಾತ್ರ ನಿಲ್ಲುತ್ತದೆ. ತೂಕ ಮಾಡಿಸುವುದಾದರೆ ಲೀಟರಿಗೆ 0.2 ಮಿಲಿಗ್ರಾಂ ದಾಟಿದಾಗಲೇ ವಿಚಾರಣೆ ಶುರುಮಾಡಿ, ತಿರಸ್ಕಾರದ ಮಿತಿಯಾದ 1 ಮಿಲಿಗ್ರಾಂವರೆಗೆ ಕಾಯಬೇಡಿ.

ಯಂತ್ರ ಹೀಗೆಯೇ ಆಡುತ್ತದೆ ಎಂಬ ಮಾತನ್ನು ಈಗಲೇ ತಡೆಯದಿದ್ದರೆ ಮುಂದೆ ಕಷ್ಟ. ವಿಮಾನಕ್ಕೆ ತುಂಬಿಸುವ ವಾಹನಗಳಲ್ಲಿ ಬಹಳ ವರ್ಷ ಬಳಕೆಯಲ್ಲಿದ್ದ ಮಾನಿಟರ್ ಫಿಲ್ಟರುಗಳು ನೀರು ತಾಗಿದರೆ ಉಬ್ಬಿ ದಾರಿಯನ್ನೇ ಮುಚ್ಚುತ್ತಿದ್ದವು. 2010ರ ಏಪ್ರಿಲ್ 13ರಂದು ಸುರಬಾಯಾದಿಂದ ಹೊರಟ ಕ್ಯಾಥೆ ಪೆಸಿಫಿಕ್ 780ರಲ್ಲಿ, ವಿಮಾನಗಳಿಗೆ ನೆಲದಡಿಯಿಂದ ಇಂಧನ ಕೊಡುವ ಹೈಡ್ರಂಟ್ ಕೊಳವೆಗಳ ಕಾಮಗಾರಿಯ ವೇಳೆ ಸೇರಿದ ಉಪ್ಪುನೀರು ಆ ಫಿಲ್ಟರಿನ ಹೀರುಪುಡಿಯನ್ನು ಕೆಡಿಸಿ, ಅದರ ಸೂಕ್ಷ್ಮ ಗೋಲಿಗಳು ಇಂಜಿನ್ನಿನ ಇಂಧನ ನಿಯಂತ್ರಣದ ವಾಲ್ವುಗಳನ್ನು ಕಚ್ಚಿಹಿಡಿದವು. ಒಂದು ಇಂಜಿನ್ನಿನ ವೇಗವನ್ನು ಇಳಿಸಲಾಗದೆ ಪೈಲಟ್‌ಗಳು ಸುಮಾರು 230 ನಾಟ್ ವೇಗದಲ್ಲಿ ಹಾಂಗ್‌ಕಾಂಗ್‌ನಲ್ಲಿ ಇಳಿಸಬೇಕಾಯಿತು. ಆ ಬಗೆಯ ಫಿಲ್ಟರಿನ ಮಾನದಂಡವನ್ನು 2020ರ ಕೊನೆಗೆ ಹಿಂತೆಗೆದುಕೊಂಡರು. ಅದರ ಜಾಗಕ್ಕೆ ಬರುತ್ತಿರುವ ವ್ಯವಸ್ಥೆಗಳಲ್ಲಿ ಒಂದು, ಕೊಳೆ ತಡೆಯುವ ಫಿಲ್ಟರಿನ ಜೊತೆ ನೀರಿನ ಇಲೆಕ್ಟ್ರಾನಿಕ್ ಸೆನ್ಸರ್. ಅಂದರೆ ನಾಳೆ ಇಂಥ ಉಪಕರಣಗಳ ಮಾತಿನ ಮೇಲೆಯೇ ವಿಮಾನಕ್ಕೆ ಇಂಧನ ಹೋಗುತ್ತದೆ. ಅವುಗಳ ಭಾಷೆಯನ್ನು ಇಂದೇ ಕಲಿಯಬೇಕು.

ಪ್ರಶ್ನೆ ಕೇಳಿದವರಿಂದ, ಒಂಬತ್ತು ದಿನಗಳ ನಂತರ

ಸರ್, ಮೇಡಂ, ನಿಮ್ಮೆಲ್ಲರಿಗೂ ಕೃತಜ್ಞತೆಗಳು. ನೀವು ಹೇಳಿದ್ದನ್ನೆಲ್ಲ ಮಾಡಿ, ಫಲಿತಾಂಶ ಕೈಗೆ ಬಂದ ಮೇಲೆ ಬರೆಯುತ್ತಿದ್ದೇನೆ.

ಕೌಂಟರಿಗೆ ಬರುವ ಕೊಳವೆ ಆರು ಮಿಲಿಮೀಟರಿನ ಸ್ಟೀಲ್ ಟ್ಯೂಬ್, ಉದ್ದ ಸುಮಾರು ಏಳು ಮೀಟರ್, ಸೂರು ಇಲ್ಲ, ಹೊದಿಕೆ ಇಲ್ಲ. ಮಳೆಯಲ್ಲಿ ಅದನ್ನು ಮುಟ್ಟಿದರೆ ತಣ್ಣಗೆ ಹತ್ತುತ್ತದೆ, ಪಕ್ಕದ ಮುಖ್ಯ ಲೈನು ಕೈಗೆ ಬೆಚ್ಚಗಿರುತ್ತದೆ. ಮುಂದಿನ ಮಳೆಯಲ್ಲಿ ಎಣಿಕೆ 20ಕ್ಕೆ ಏರಿದಾಗ ಎರಡೂ ಕಡೆ ಮಾದರಿ ತೆಗೆದೆವು. ಮುಖ್ಯ ಲೈನಿನ ಉಷ್ಣಾಂಶ 32 ಡಿಗ್ರಿ, ಕೌಂಟರಿನ ಹೊರಹರಿವಿನದು 27. ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ಮೇಲೆ ಎಣಿಕೆ 17ಕ್ಕೆ ಇಳಿಯಿತು. ನಾವು ಅಳೆಯುತ್ತಿದ್ದುದು ಟ್ಯಾಂಕಿನ ಇಂಧನವನ್ನಲ್ಲ, ಮಳೆಯಲ್ಲಿ ನೆನೆದ ಆ ಏಳು ಮೀಟರ್ ಕೊಳವೆಯೊಳಗಿನ ಇಂಧನವನ್ನು.

ವಾಸ್ಕೊದ ಸರ್ ಕೇಳಿದ ಪ್ರಶ್ನೆಯನ್ನು ಅಲ್ಲಿಗೇ ಬಿಡಲಿಲ್ಲ. ಸಂಪ್ ಡ್ರೇನ್ ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದರೆ, ಪ್ರತಿ ದಿನ "ನೀರು: ಅಲ್ಪ" ಎಂದಷ್ಟೇ ಬರೆದಿದೆ. ಅಲ್ಪ ಎಂದರೆ ಎಷ್ಟು ಎಂದು ಯಾರಿಗೂ ಗೊತ್ತಿಲ್ಲ. ಆ ದಿನದಿಂದ ಅಳತೆಯ ಜಾಡಿಯಲ್ಲಿ ಹಿಡಿಯತೊಡಗಿದೆವು. ಪಕ್ಕದ ಟ್ಯಾಂಕಿನಲ್ಲಿ ಚಹಾದ ಲೋಟದಷ್ಟು ನೀರು ಬಂದರೆ, ಇದರಲ್ಲಿ ಮಳೆಯ ಮರುದಿನ ಎರಡು ಲೀಟರಿಗೂ ಹೆಚ್ಚು ಬಂತು. ಮೇಲೆ ಹತ್ತಿ ನೋಡಿದಾಗ ಇಂಧನದ ಆಳ ಅಳೆಯುವ ಡಿಪ್ ಹ್ಯಾಚಿನ (ಮೇಲಿನ ಕಿಂಡಿಯ) ಗ್ಯಾಸ್ಕೆಟ್ ಗಟ್ಟಿಯಾಗಿ ಒಂದು ಕಡೆ ಸೀಳಿತ್ತು. ಮುಚ್ಚಳದ ಕೆಳಗಿನ ಅಂಚಿನಲ್ಲಿ ನೀರಿಳಿದ ತುಕ್ಕಿನ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ಲೋಳೆ ಇರಲಿಲ್ಲ. ಸೂಕ್ಷ್ಮಜೀವಿ ಪರೀಕ್ಷೆಗೆ ಮಾದರಿ ಕಳುಹಿಸಿದ್ದೇವೆ.

ಗ್ಯಾಸ್ಕೆಟ್ ಬದಲಾಗಿದೆ, ಕೊಳವೆಯನ್ನು ಒಂದು ಮೀಟರಿಗೆ ಇಳಿಸಿ ಹೊದಿಕೆ ಹಾಕುವ ಕೆಲಸ ಈ ವಾರ ನಡೆಯುತ್ತಿದೆ. ಯಂತ್ರ ಹೀಗೆಯೇ ಆಡುತ್ತದೆ ಎಂದಿದ್ದ ಹಿರಿಯ ಸಹೋದ್ಯೋಗಿಯೇ ಹ್ಯಾಚಿನ ಮೇಲೆ ಟಾರ್ಚ್ ಹಿಡಿದು ಆ ತುಕ್ಕಿನ ಗೆರೆಯನ್ನು ಮೊದಲು ಕಂಡವರು ಎಂಬುದನ್ನೂ ಹೇಳಬೇಕು. ಈಗ ಒಂದೇ ಸಂದೇಹ ಉಳಿದಿದೆ: ಟ್ಯೂಬ್ ಸರಿಪಡಿಸಿದ ಮೇಲೆ, ಇಂಧನ ನೀರು ಕುಡಿದು ತುಂಬಿದ ಸ್ಥಿತಿಯಲ್ಲಿದೆ ಎಂಬ ಸೂಚನೆ ನಮಗೆ ಇಷ್ಟು ಬೇಗ ಸಿಗುವುದಿಲ್ಲವಲ್ಲ?

ಉತ್ತರ 4: ಪುಣೆ, ಕೋಥರೂಡಿನಿಂದ, ನಿವೃತ್ತ ಪ್ರಯೋಗಶಾಲಾ ಅಧಿಕಾರಿ

ಸಿಗುವುದಿಲ್ಲ. ಅದಕ್ಕೇ ಸಂಪ್‌ನಿಂದ ಬಂದ ನೀರನ್ನು ಮಿಲಿಲೀಟರಿನಲ್ಲಿ ಬರೆಯುವುದನ್ನು ನಿಲ್ಲಿಸಬೇಡಿ, ಅದರ ಪಕ್ಕದಲ್ಲಿ ಹಿಂದಿನ ದಿನದ ಮಳೆಗೂ ಇಂಧನದ ಉಷ್ಣಾಂಶಕ್ಕೂ ಒಂದೊಂದು ಕಾಲಂ ಎಳೆಯಿರಿ. ಮಳೆಗಾಲ ಮುಗಿಯುವವರೆಗೆ ಹದಿನೈದು ದಿನಕ್ಕೊಮ್ಮೆ ಕಾರ್ಲ್ ಫಿಷರ್ ಮಾಡಿಸಿ. ಟ್ಯಾಂಕಿಗೆ ಹೊಸ ಸರಕು ಬಂದಾಗ ಮೀಟರ್ ಆಳಕ್ಕೆ ಮೂರು ಗಂಟೆಯೆಂಬ ಹಳೆಯ ಲೆಕ್ಕದಂತೆ ಇಳಿಯಲು ಬಿಡಿ; ಆದರೆ 30 ಮೈಕ್ರಾನಿನ ಹನಿಗೆ ಆ ಹೊತ್ತು ಹೆಚ್ಚುಕಡಿಮೆ ಸಾಕಾಗುತ್ತದೆ, 10 ಮೈಕ್ರಾನಿನದಕ್ಕೆ ಒಂದು ಮೀಟರ್ ಇಳಿಯಲು ಒಂದು ದಿನಕ್ಕಿಂತ ಹೆಚ್ಚು ಬೇಕು ಎಂಬುದು ತಿಳಿದಿರಲಿ. ಆ ಸಣ್ಣ ಹನಿಗಳನ್ನು ಹಿಡಿಯಬೇಕಾದದ್ದು ಮುಂದಿರುವ ಕೋಲೆಸರ್, ಅಂದರೆ ಸಣ್ಣ ಹನಿಗಳನ್ನು ಕೂಡಿಸಿ ದೊಡ್ಡದು ಮಾಡಿ ಬೇರ್ಪಡಿಸುವ ಫಿಲ್ಟರ್. ಹಾಗಾಗಿ ಅದರ ಡಿಫರೆನ್ಷಿಯಲ್ ಪ್ರೆಷರ್ (ಒಳಬಾಯಿಗೂ ಹೊರಬಾಯಿಗೂ ನಡುವಿನ ಒತ್ತಡದ ವ್ಯತ್ಯಾಸ) ಗ್ರಾಫನ್ನು ಈ ಎರಡು ತಿಂಗಳು ನೀವೇ ನೋಡಿ. ಏರುವುದನ್ನು ಎಲ್ಲರೂ ಗಮನಿಸುತ್ತಾರೆ. ಹರಿವು ಅಷ್ಟೇ ಇದ್ದು ಆ ವ್ಯತ್ಯಾಸ ಇದ್ದಕ್ಕಿದ್ದಂತೆ ಇಳಿದರೆ ಒಳಗಿನ ಎಲಿಮೆಂಟ್ ಹರಿದಿರಬಹುದು, ಆಗ ವೆಸೆಲ್ ತೆರೆಸಿ ನೋಡಿ.

ಸೂಕ್ಷ್ಮಜೀವಿ ಪರೀಕ್ಷೆಯ ವರದಿ ಬಂದಾಗ ಇಲ್ಲಿಯೇ ತಿಳಿಸಿ.